ಎದೆ ಉರಿಯದೆಯೇ ಗಂಟಲು ಕೆಡಿಸುವ ಆಮ್ಲ

ಕೇಳುಗರಿಗೆಲ್ಲ ನಮಸ್ಕಾರ.

ಮೈಕಿನ ಮುಂದೆ ಕೂತ ಕೂಡಲೇ ಒಮ್ಮೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳೋಣ ಅನ್ನಿಸಿತು. ತಡೆದುಕೊಂಡು ಒಂದು ಗುಟುಕು ನೀರು ಕುಡಿದೆ. ಕ್ಯಾಕರಿಸುವ ಬದಲು ನೀರು ಕುಡಿಯಬೇಕು ಅನ್ನುವ ಇಷ್ಟು ಸಣ್ಣ ಸಂಗತಿ ತಿಳಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ನಾನು ಪಾಠ ಹೇಳುವವಳು. ದನಿಯಿಂದಲೇ ನನ್ನ ಕೆಲಸ. ಆ ಎರಡು ವರ್ಷ ಬೆಳಗ್ಗೆ ಎದ್ದರೆ ದನಿ ಒಡೆದಿರುತ್ತಿತ್ತು. ಹೊತ್ತೇರಿದ ಹಾಗೆ ಒಂದಿಷ್ಟು ತಿಳಿಯಾಗುತ್ತಿತ್ತು. ಗಂಟಲಲ್ಲಿ ಸದಾ ಏನೋ ಸಿಕ್ಕಿಕೊಂಡ ಭಾವನೆ. ನುಂಗಿದರೆ ಇಳಿಯದು, ಉಗುಳಿದರೆ ಬಾರದು. ವಿಚಿತ್ರವೆಂದರೆ ಊಟ ಮಾಡುವಾಗ ಮಾತ್ರ ಅದು ಮಾಯ. ಮೂಗಿನ ಹಿಂದಿನಿಂದ ಕಫ ಇಳಿಯುತ್ತಿದೆ ಅಂದುಕೊಂಡು ಅಲರ್ಜಿ ಮಾತ್ರೆ ನುಂಗಿದೆ, ಕೆಮ್ಮಿನ ಸಿರಪ್ ಕುಡಿದೆ. ಎದೆ ಉರಿಯುತ್ತದೆಯೇ, ಹುಳಿತೇಗು ಬರುತ್ತದೆಯೇ ಎಂದು ಕೇಳಿದವರಿಗೆಲ್ಲ "ಇಲ್ಲ" ಎನ್ನುತ್ತಿದ್ದೆ. ಆ "ಇಲ್ಲ"ದಿಂದಲೇ ಎಲ್ಲರೂ ದಾರಿ ತಪ್ಪಿದೆವು.

ಜಠರದಲ್ಲಿರುವುದು ಗಂಟಲಿನವರೆಗೆ ಏರಿ ಬಂದು ಕಾಡುವ ಈ ತೊಂದರೆಗೆ ವೈದ್ಯರು ಲ್ಯಾರಿಂಗೋಫ್ಯಾರಿಂಜಿಯಲ್ ರಿಫ್ಲಕ್ಸ್ ಅನ್ನುತ್ತಾರೆ. ಚಿಕ್ಕದಾಗಿ ಎಲ್‌ಪಿಆರ್. ಇದು ಬಂದವರಲ್ಲಿ ಬಹಳ ಮಂದಿಗೆ ಎದೆಯುರಿಯೇ ಇರುವುದಿಲ್ಲ. ಅದಕ್ಕೇ ಸೈಲೆಂಟ್ ರಿಫ್ಲಕ್ಸ್ ಎಂಬ ಹೆಸರೂ ಉಂಟು.

ಎದೆ ಉರಿಯದೆ ಗಂಟಲು ಮಾತ್ರ ಹೇಗೆ ಕೆಡುತ್ತದೆ? ನನಗೂ ಮೊದಲು ಇದು ನಂಬುವ ಹಾಗೆ ಇರಲಿಲ್ಲ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದರ ಮೇಲೊಂದು, ಕೆಳಗೊಂದು ಬಿಗಿಯುವ ಉಂಗುರ. ಕೆಳಗಿನ ಉಂಗುರ, ನಾವು ಏನನ್ನೂ ನುಂಗದಿದ್ದಾಗಲೂ, ಆಗಾಗ ಕೆಲವು ಕ್ಷಣ ಸಡಿಲವಾಗುತ್ತದೆ. ಊಟವಾದ ಮೇಲಂತೂ ಹೆಚ್ಚು. ಆಗ ಜಠರದ ರಸ ಸ್ವಲ್ಪ ಮೇಲೆ ಬರುವುದು ಆರೋಗ್ಯವಂತರಲ್ಲೂ ಇದ್ದದ್ದೇ. ಅನ್ನನಾಳ ಅದನ್ನು ಅಲೆಯಲೆಯಾಗಿ ಹಿಂಡಿ ಕೆಳಗೆ ತಳ್ಳುತ್ತದೆ. ಉಳಿದ ಹುಳಿಯನ್ನು ನುಂಗಿದ ಜೊಲ್ಲು ಶಮನ ಮಾಡುತ್ತದೆ. ಧ್ವನಿಪೆಟ್ಟಿಗೆಗೆ ಈ ಕಾವಲು ಇಲ್ಲ. ಅದರ ಒಳಪೊರೆಯೂ ಬಹಳ ನಾಜೂಕು. ಅನ್ನನಾಳದಲ್ಲಿ ಹೆಚ್ಚು ಹೊತ್ತು ನಿಲ್ಲದ, ಹಾಗಾಗಿ ಉರಿ ಎಬ್ಬಿಸದ ಅಷ್ಟೇ ರಸ ಮೇಲಿನ ಉಂಗುರ ದಾಟಿ ಬಂದರೆ ಗಂಟಲಿಗೆ ಸಾಕಾಗುತ್ತದೆ. ನಿಂತಾಗ, ಕೂತಾಗ, ಹಾಡಹಗಲಲ್ಲೂ ಇದು ಆಗಬಹುದು.

ಬರುವುದು ಆಮ್ಲವೊಂದೇ ಅಲ್ಲ. ಅದರ ಜೊತೆ ಪೆಪ್ಸಿನ್ ಬರುತ್ತದೆ. ಪ್ರೋಟೀನನ್ನು ಕರಗಿಸುವ ಈ ಕಿಣ್ವವನ್ನು 1836ರಲ್ಲಿ ಥಿಯೋಡರ್ ಶ್ವಾನ್ ಗುರುತಿಸಿದರು. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ತೀಕ್ಷ್ಣ ಹುಳಿಯಲ್ಲಿ, ಅಂದರೆ ಪಿಎಚ್ 2ರ ಆಸುಪಾಸಿನಲ್ಲಿ ಇದರ ಹರಿತ ಜಾಸ್ತಿ. ಪಿಎಚ್ 6.5 ದಾಟಿದರೆ ಸುಮ್ಮನಾಗುತ್ತದೆ, ಆದರೆ ಸಾಯುವುದಿಲ್ಲ. ಗಂಟಲಿನ ಪಿಎಚ್ ಹೆಚ್ಚುಕಡಿಮೆ 7. ಹಾಗಾಗಿ ಅಲ್ಲಿ ಅಂಟಿಕೊಂಡ ಪೆಪ್ಸಿನ್ ನಿದ್ದೆಯಲ್ಲಿದ್ದು, ಮತ್ತೆ ಹುಳಿ ಸೋಕಿದಾಗ ಎಚ್ಚರಗೊಳ್ಳಬಲ್ಲದು. ಆ ಹುಳಿ ಕೆಳಗಿನಿಂದಲೇ ಬರಬೇಕೆಂದಿಲ್ಲ. ನಾವು ಕುಡಿಯುವ ಹುಳಿ ಪಾನೀಯದಿಂದಲೂ ಬರಬಹುದು.

ಇನ್ನು ಕ್ಯಾಕರಿಸುವ ವಿಷಯ. ಕೆರಳಿದ ಒಳಪೊರೆ ಅಂಟಂಟು ಕಫ ಸುರಿಸುತ್ತದೆ, ನಾವು ಕ್ಯಾಕರಿಸುತ್ತೇವೆ. ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಗಂಡಸರಲ್ಲಿ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಇನ್ನೂರರಷ್ಟು ಸಲ ಹಗುರವಾಗಿ ಕೂಡಿ ಬೇರೆಯಾಗುತ್ತವೆ. ಕ್ಯಾಕರಿಸಿದಾಗ ಅವೇ ತಂತುಗಳು ಒಂದಕ್ಕೊಂದು ಜೋರಾಗಿ ಅಪ್ಪಳಿಸುತ್ತವೆ. ಊತ ಹೆಚ್ಚುತ್ತದೆ, ಕಫ ಹೆಚ್ಚುತ್ತದೆ, ಮತ್ತೆ ಕ್ಯಾಕರಿಕೆ. ಇದು ನಿಲ್ಲದೆ ಯಾವ ಮಾತ್ರೆಯೂ ನನಗೆ ಹತ್ತಲಿಲ್ಲ ಅನ್ನುವುದು ನನ್ನ ಅನುಭವ. ಕ್ಯಾಕರಿಸಬೇಕು ಅನ್ನಿಸಿದರೆ ಒಂದು ಗುಟುಕು ನೀರು. ನೀರಿಲ್ಲವಾದರೆ ಗದ್ದ ತುಸು ತಗ್ಗಿಸಿ ಗಟ್ಟಿಯಾಗಿ ಜೊಲ್ಲು ನುಂಗುವುದು.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಗಂಟಲು ಕೆರೆದದ್ದೆಲ್ಲ ರಿಫ್ಲಕ್ಸ್ ಅಲ್ಲ. ಅಲರ್ಜಿ, ಆಸ್ತಮಾ, ಸೈನಸ್, ದನಿಯ ಅತಿಬಳಕೆ, ರಕ್ತದೊತ್ತಡಕ್ಕೆ ಕೊಡುವ ಎಸಿಇ ಇನ್ಹಿಬಿಟರ್ ಗುಂಪಿನ ಮಾತ್ರೆ, ಇವೆಲ್ಲವೂ ಇಂಥದ್ದೇ ಲಕ್ಷಣ ತರಬಲ್ಲವು. ಒಡಕು ದನಿ ಮೂರು ನಾಲ್ಕು ವಾರವಾದರೂ ಹೋಗದಿದ್ದರೆ, ನುಂಗುವಾಗ ಆಹಾರ ನಿಂತರೆ ಅಥವಾ ನೋವಾದರೆ, ತೂಕ ಇಳಿದರೆ, ಕಫದಲ್ಲಿ ರಕ್ತ ಕಂಡರೆ, ಕತ್ತಿನಲ್ಲಿ ಗಂಟು ಸಿಕ್ಕರೆ, ಒಂದೇ ಕಿವಿಯಲ್ಲಿ ನೋವು ಉಳಿದರೆ, ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬೇಡಿ. ಇಎನ್‌ಟಿ ವೈದ್ಯರು ಗಂಟಲನ್ನು ಒಳಗಿಂದ ನೋಡಲೇಬೇಕು. ಬೀಡಿ, ಸಿಗರೇಟು ಸೇದುವವರು ಒಂದು ದಿನವೂ ತಡಮಾಡಬಾರದು.

1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಹಲ್ಲಿನ ವೈದ್ಯರ ಪುಟ್ಟ ಕನ್ನಡಿ ಮತ್ತು ಬಿಸಿಲನ್ನು ಬಳಸಿ ತಮ್ಮದೇ ಧ್ವನಿತಂತುಗಳನ್ನು ನೋಡಿಕೊಂಡಿದ್ದರು. ದನಿ ನಂಬಿದವರೊಬ್ಬರ ಆ ಹಂಬಲ ನೆನೆದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ. ಇಂದು ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸುತ್ತಾರೆ, ಕೆಲವೇ ನಿಮಿಷದ ಕೆಲಸ. ನನ್ನ ಧ್ವನಿಪೆಟ್ಟಿಗೆಯ ಹಿಂಭಾಗ ಕೆಂಪಾಗಿ ಊದಿತ್ತು. ಆದರೆ ಆ ಕೆಂಪು ಆರೋಗ್ಯವಂತರಲ್ಲೂ ಕಾಣಬಹುದು, ಆದ್ದರಿಂದ ಅದೊಂದೇ ಪುರಾವೆಯಲ್ಲ. ಲಕ್ಷಣಗಳ ಬಗ್ಗೆ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿಯೂ ಇದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದು ಅಂಕ, ಒಟ್ಟು 13 ದಾಟಿದರೆ ಅನುಮಾನಕ್ಕೆ ಎಡೆ. ಇನ್ನೂ ಖಚಿತವಾಗಬೇಕೆಂದರೆ ಮೂಗಿನಿಂದ ಸಣ್ಣ ನಳಿಕೆ ಬಿಟ್ಟು, ಏನು ಎಷ್ಟು ಸಲ ಮೇಲೇರುತ್ತಿದೆ ಎಂದು 24 ಗಂಟೆ ಅಳೆಯುತ್ತಾರೆ.

ಚಿಕಿತ್ಸೆ ಅಂದರೆ ಎಲ್ಲರೂ ಆಮ್ಲ ತಗ್ಗಿಸುವ ಮಾತ್ರೆಯನ್ನೇ ನೆನೆಯುತ್ತಾರೆ. ಬ್ರಿಟನ್ನಿನಲ್ಲಿ ಗಂಟಲಿನ ತೊಂದರೆಯಿದ್ದ 346 ಜನರ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 16 ವಾರ ಕೆಲವರಿಗೆ ಲ್ಯಾನ್ಸೊಪ್ರಜೋಲ್ ಎಂಬ ಅಂಥದ್ದೇ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ರೀತಿ ಸುಧಾರಿಸಿತು. ಮಾತ್ರೆ ಹುಳಿಯನ್ನು ತಗ್ಗಿಸುತ್ತದೆಯೇ ಹೊರತು ರಸ ಮೇಲೇರುವುದನ್ನು ನಿಲ್ಲಿಸುವುದಿಲ್ಲ. ಎದೆಯುರಿಯೂ ಇರುವವರಿಗೆ ಅದರಿಂದ ಉಪಯೋಗ ಉಂಟು. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಂಡರೆ ಸರಿಯಾಗಿ ಕೆಲಸ ಮಾಡುತ್ತದೆ. ಬಹಳ ದಿನದಿಂದ ನುಂಗುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಉಕ್ಕಬಹುದು, ವೈದ್ಯರನ್ನು ಕೇಳಿಯೇ ನಿಲ್ಲಿಸಿ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಔಷಧಿಯೂ ಇದೆ. ಊಟದ ನಂತರ ಕುಡಿದರೆ ಅದು ಜಠರದಲ್ಲಿರುವುದರ ಮೇಲೆ ತೆಪ್ಪದ ಹಾಗೆ ತೇಲಿ ತಡೆ ಒಡ್ಡುತ್ತದೆ.

ನನ್ನನ್ನು ಉಳಿಸಿದ್ದು ಮಾತ್ರ ದಿನಚರಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಹಲಗೆ ಕೊಟ್ಟು ಹದಿನೈದು, ಇಪ್ಪತ್ತು ಸೆಂಟಿಮೀಟರ್ ಎತ್ತರಿಸಿದೆವು. ದಿಂಬು ಪೇರಿಸಿದರೆ ಕತ್ತು ಮಾತ್ರ ಬಗ್ಗುತ್ತದೆ, ಹೊಟ್ಟೆ ಇನ್ನೂ ಒತ್ತಿಹೋಗುತ್ತದೆ. ಎಡ ಮಗ್ಗುಲಿಗೆ ಮಲಗುವುದು ಒಳ್ಳೆಯದು, ಆಗ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ. ಸೊಂಟ ಬಿಗಿಯುವ ಉಡುಪು ಬಿಟ್ಟೆ, ಕಾಫಿ ಕಡಿಮೆ ಮಾಡಿದೆ. ಚಾಕೊಲೇಟ್, ಮದ್ಯ, ಸೋಡಾದಂಥವು ಕೆಲವರಿಗೆ ಆಗವು, ಕೆಲವರಿಗೆ ಏನೂ ಮಾಡವು. ನನ್ನ ದೊಡ್ಡ ತಪ್ಪು ಬೇರೆಯೇ ಇತ್ತು. ಗಂಟಲು ಹಿತವಾಗಲೆಂದು ದಿನವಿಡೀ ಪೆಪ್ಪರ್‌ಮಿಂಟ್ ಚೀಪುತ್ತಿದ್ದೆ. ಅದು ಕೆಳಗಿನ ಉಂಗುರವನ್ನು ಸಡಿಲಿಸುವ ವಸ್ತು.

ವಾರದಲ್ಲಿ ಏನೂ ಬದಲಾಗಲಿಲ್ಲ, ತಿಂಗಳಿಗೂ ಅಷ್ಟಾಗಿ ಇಲ್ಲ. ಗಂಟಲಿನ ಊತ ನಿಧಾನವಾಗಿಯೇ ಇಳಿಯುತ್ತದೆ. ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅಕ್ಕನ ಫೋನು ಬಂತು. ಹಾಸಿಗೆಯಲ್ಲೇ ಎತ್ತಿ "ಹಲೋ" ಎಂದೆ. "ಏನೇ, ಎದ್ದು ಬಹಳ ಹೊತ್ತಾಯ್ತಾ?" ಎಂದಳು. ನಾನು ಆಗಷ್ಟೇ ಕಣ್ಣು ಬಿಟ್ಟಿದ್ದೆ.

ನಮಸ್ಕಾರ.