ರಾಜ್ಯಪಾಲರ ಕೈಯಲ್ಲಿರೋ ಗಡಿಯಾರ

ಯಾವುದಾದರೂ ಸರ್ಕಾರಿ ಆದೇಶ ಕೈಗೆ ಸಿಕ್ಕರೆ ಕೊನೇ ಸಾಲು ನೋಡಿ. ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತಿರುತ್ತೆ. ಕೆಳಗಡೆ ಸಹಿ ಯಾರೋ ಅಧೀನ ಕಾರ್ಯದರ್ಶಿಯದು. ಎಷ್ಟೋ ಸಲ ಆ ಕಡತ ರಾಜಭವನದ ಗೇಟನ್ನೂ ನೋಡಿರಲ್ಲ.

ಇದರಲ್ಲಿ ಮೋಸವೇನಿಲ್ಲ. ಸಂವಿಧಾನದ 154ನೇ ವಿಧಿ ರಾಜ್ಯದ ಕಾರ್ಯಾಂಗವನ್ನೇ ರಾಜ್ಯಪಾಲರ ಕೈಗಿಡುತ್ತೆ. 163ನೇ ವಿಧಿ ಬಂದು, ಮಂತ್ರಿಮಂಡಲದ ಸಲಹೆ ಕೇಳಿ ನಡೀರಿ ಅನ್ನುತ್ತೆ, ವಿವೇಚನೆಯ ಕೆಲವು ಸಂದರ್ಭ ಬಿಟ್ಟು. 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಹೇಳಿದ್ದೂ ಇದನ್ನೇ.

ಹಾಗಾದರೆ ಬರೀ ರಬ್ಬರ್ ಸ್ಟಾಂಪಾ? ನಾನು ಒಪ್ಪಲ್ಲ. ಅವರ ಹತ್ತಿರ ಗಡಿಯಾರ ಇದೆ: ಯಾರಿಗೆ ಎಷ್ಟು ಸಮಯ ಅನ್ನೋದು ಅವರ ಕೈಲಿ.

ನಮ್ಮ ರಾಜ್ಯದ್ದೇ ಕಥೆ ತಗೊಳ್ಳಿ. 1989ರ ಏಪ್ರಿಲ್. 19 ಶಾಸಕರು ಬೆಂಬಲ ವಾಪಸ್ ತಗೊಂಡರು ಅಂತ ಪತ್ರಗಳು ಬಂದವು. ಕೆಲವೇ ದಿನದಲ್ಲಿ ಅವರಲ್ಲಿ ಏಳು ಮಂದಿ ಉಲ್ಟಾ ಹೊಡೆದರು. ಸದನದಲ್ಲೇ ಬಹುಮತ ತೋರಿಸ್ತೀನಿ ಅಂದರು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ. ರಾಜ್ಯಪಾಲ ವೆಂಕಟಸುಬ್ಬಯ್ಯ ಕಾಯಲಿಲ್ಲ. 21ಕ್ಕೆ ಸರ್ಕಾರ ಹೋಯ್ತು. ಬಹುಮತ ಅಳೆಯೋ ಜಾಗ ಸದನ, ರಾಜಭವನ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ. ಬೊಮ್ಮಾಯಿಯವರಿಗೆ ಅದರಿಂದ ಕುರ್ಚಿಯೇನೂ ವಾಪಸ್ ಬರಲಿಲ್ಲ ಬಿಡಿ.

ಇನ್ನು 2018. ಬಿಜೆಪಿಗೆ 104 ಸೀಟು, ಬಹುಮತ ಇಲ್ಲ. ರಾಜ್ಯಪಾಲ ವಜುಭಾಯಿ ವಾಲಾ ಅವರು ಬಹುಮತ ತೋರಿಸೋಕೆ ಯಡಿಯೂರಪ್ಪನವರಿಗೆ 15 ದಿನ ಕೊಟ್ಟರು. ಕೋರ್ಟ್ ಅದನ್ನು ಮೇ 19ರ ಸಂಜೆ ನಾಲ್ಕಕ್ಕೆ ತಂದು ನಿಲ್ಲಿಸ್ತು, ಮತ ಹಾಕೋ ಮೊದಲೇ ರಾಜೀನಾಮೆ ಬಂತು. ಒಬ್ಬರಿಗೆ ಒಂದು ವಾರವೂ ಇಲ್ಲ, ಇನ್ನೊಬ್ಬರಿಗೆ ಅರ್ಧ ತಿಂಗಳು. ಎರಡು ಸಲವೂ ಲಾಭ ಆಗಿದ್ದು ದೆಹಲಿಯಲ್ಲಿದ್ದ ಪಕ್ಷಕ್ಕೆ; ಒಮ್ಮೆ ಕಾಂಗ್ರೆಸ್, ಒಮ್ಮೆ ಬಿಜೆಪಿ.

ಸದನ ಪಾಸು ಮಾಡಿ ರಾಜ್ಯಪಾಲರ ಅಂಕಿತಕ್ಕೆ ಕಳಿಸೋ ಮಸೂದೆಗಳ ವಿಷಯದಲ್ಲಂತೂ ಗಡಿಯಾರ ನಿಂತೇ ಹೋಗುತ್ತೆ. 200ನೇ ವಿಧಿಯಲ್ಲಿ ‘ಆದಷ್ಟು ಬೇಗ’ ಅನ್ನೋ ಮಾತಿದೆ, ಅದೂ ಮಸೂದೆ ವಾಪಸ್ ಕಳಿಸೋದಕ್ಕೆ. ತಮಿಳುನಾಡಿನ 10 ಮಸೂದೆಗಳಲ್ಲಿ ಕೆಲವು 2020ರಿಂದ ಬಾಕಿ ಇದ್ದವು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಗಡುವು ಹಾಕಿ, ಆ ಮಸೂದೆಗಳಿಗೆ ಅಂಕಿತ ಸಿಕ್ಕಂತೆಯೇ ಅಂದಿತು. ನವೆಂಬರ್‌ನಲ್ಲಿ ಐವರ ಸಂವಿಧಾನ ಪೀಠ, ಗಡುವು ಹಾಕೋದು ಕೋರ್ಟಿನ ಕೆಲಸ ಅಲ್ಲ, ವಿವರಣೆಯಿಲ್ಲದೆ ತೀರಾ ಎಳೆದರೆ ಮಾತ್ರ ಪ್ರಶ್ನಿಸಬಹುದು ಅಂದಿತು.

‘ತೀರಾ’ ಅಂದರೆ ಎಷ್ಟು ತಿಂಗಳು? ನನ್ನ ಕೇಳಿದರೆ ಸಂವಿಧಾನದಲ್ಲೇ ದಿನ ಬರೀಬೇಕು. ಆದರೆ ತಿದ್ದುಪಡಿ ಶುರುವಾಗಬೇಕಾದದ್ದು ಸಂಸತ್ತಿನಲ್ಲಿ. ಅಲ್ಲಿ ಬಹುಮತ ಇರೋರೇ ರಾಜ್ಯಪಾಲರನ್ನು ಆರಿಸಿ ಕಳಿಸೋರು.