ಒಂದೇ ಬಟನ್ ಮೌಸ್, ಮೂರು ಬಟನ್ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಾಸನ, ಅರಸೀಕೆರೆ, ಸಕಲೇಶಪುರದ ಮನೆಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಿ ಕೆಲಸದಲ್ಲಿರೋ ಮಗನೋ ಮಗಳೋ ಹೊಸ ಲ್ಯಾಪ್‌ಟಾಪ್ ತಗೊಂಡರೆ ಹಳೆಯದು ಊರಿಗೆ ಬರುತ್ತದೆ. ಹಾಗೆ ಬಂದವುಗಳಲ್ಲಿ ಒಮ್ಮೊಮ್ಮೆ ಆಪಲ್ ಕಂಪನಿಯ ಬಿಳೀ ಐಬುಕ್ ಕೂಡ ಇರುತ್ತದೆ. ಅದರ ಮೂಲ ಸಿಸ್ಟಮ್ ಹಳೆಯದಾಗಿದೆ ಅಂತ ಯಾರೋ ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತಾರೆ. ಆಮೇಲೆ ಶುರುವಾಗುತ್ತದೆ ಪ್ರಶ್ನೆ: ರೈಟ್ ಕ್ಲಿಕ್ ಎಲ್ಲಿದೆ? ನೋಡಿದರೆ ಟಚ್‌ಪ್ಯಾಡಿನ ಕೆಳಗೆ ಅಗಲವಾದ ಒಂದೇ ಬಟನ್. ದಯವಿಟ್ಟು ಅಷ್ಟಕ್ಕೇ ಅದನ್ನು ಅಟ್ಟಕ್ಕೆ ಹಾಕಬೇಡಿ.

1968ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅಮೆರಿಕದಲ್ಲಿ ಜನರ ಮುಂದೆ ಮೌಸ್ ತೋರಿಸಿದಾಗ ಅದಕ್ಕೆ ಮೂರು ಬಟನ್ ಇದ್ದವು. ಆಪಲ್‌ನವರು 1983ರ ಲೀಸಾ, 1984ರ ಮ್ಯಾಕಿಂತೋಷ್ ಕಂಪ್ಯೂಟರುಗಳಿಗೆ ಒಂದೇ ಸಾಕು ಅಂದರು. ಹೊಸಬರಿಗೆ ಯಾವುದನ್ನು ಒತ್ತಬೇಕು ಅನ್ನೋ ಗೊಂದಲ ಬೇಡ ಅಂತ. ಒಳ್ಳೆಯ ಯೋಚನೆಯೇ. ಅದೇ ಕಾಲದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಪರದೆಯ ಮೇಲಿನ ವಿಂಡೋ, ಮೌಸ್ ಎಲ್ಲ ನೋಡಿಕೊಳ್ಳುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಮೂರು ಬಟನ್‌ಗೂ ಕೆಲಸ ಇತ್ತು, ಮುಂದೆ ಲಿನಕ್ಸ್‌ನಲ್ಲಿ ನಡೆದದ್ದೂ ಅದೇ. ತೊಂದರೆ ಬಂದಿದ್ದು ಇಲ್ಲೇ.

ಅದರಲ್ಲೂ ನಡುವಿನ ಬಟನ್ ನನಗೆ ತುಂಬ ಇಷ್ಟ. ಮೌಸ್‌ನಿಂದ ಒಂದು ಸಾಲು ಆಯ್ಕೆ ಮಾಡಿ, ಇನ್ನೊಂದು ಕಡೆ ಹೋಗಿ ನಡುವಿನ ಬಟನ್ ಒತ್ತಿದರೆ ಆ ಸಾಲು ಅಲ್ಲಿ ಬಂದು ಕೂರುತ್ತದೆ. ಕಾಪಿ ಅನ್ನಬೇಕಿಲ್ಲ, ಪೇಸ್ಟ್ ಅನ್ನಬೇಕಿಲ್ಲ. ದಿನವಿಡೀ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡುವ ಡಿಟಿಪಿ ಅಂಗಡಿಯವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಈಗ ದಾರಿ ಹೇಳುತ್ತೇನೆ. ಒತ್ತಿದ್ದು ಯಾವ ಬಟನ್ ಅಂತ ಪ್ರೋಗ್ರಾಮುಗಳು ಕಣ್ಣಿಂದ ನೋಡುವುದಿಲ್ಲ, ಅವುಗಳಿಗೆ ತಲುಪುವುದು ಒಂದು ಸಂಕೇತ ಅಷ್ಟೇ. ಹಾಗಾಗಿ ಕೀಬೋರ್ಡಿನ ಒಂದು ಕೀ ಒತ್ತಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ನಡುವೆಯೇ ಹಿಡಿದು, ಇದು ಮೌಸ್‌ನ ಬಲ ಬಟನ್ ಅಂತ ಮುಂದಕ್ಕೆ ಕಳಿಸಿದರೆ ಕೆಲಸ ಆಯಿತು. ಇದಕ್ಕೆ ಕರ್ನಲ್‌ನಲ್ಲೇ ಮ್ಯಾಕ್ ಹಿಡ್ ಅನ್ನೋ ಸೌಲಭ್ಯ ಇದೆ. ಅದರ ಸೆಟ್ಟಿಂಗ್ ಮೂರೇ ಮೂರು. ಮೊದಲನೆಯದಕ್ಕೆ 1 ಅಂತ ಕೊಟ್ಟರೆ ಸೌಲಭ್ಯ ಚಾಲೂ. ಎರಡನೆಯದು ನಡುವಿನ ಬಟನ್‌ಗೆ ಯಾವ ಕೀ ಅನ್ನೋದು, ಮೂರನೆಯದು ಬಲ ಬಟನ್‌ಗೆ ಯಾವ ಕೀ ಅನ್ನೋದು. ಲಿನಕ್ಸ್‌ನಲ್ಲಿ ಪ್ರತಿ ಕೀಗೂ ಒಂದು ಸಂಖ್ಯೆ ಇದೆ, ಇಲ್ಲಿ ಕೊಡಬೇಕಾದ್ದು ಆ ಸಂಖ್ಯೆ.

ಕನ್ನಡದವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ನೀವು ಏನೂ ಬದಲಾಯಿಸದಿದ್ದರೆ ನಡುವಿನ ಬಟನ್‌ಗೆ ಬಲಗಡೆಯ ಕಂಟ್ರೋಲ್, ಅಂದರೆ 97, ಬಲ ಬಟನ್‌ಗೆ ಬಲಗಡೆಯ ಆಲ್ಟ್, ಅಂದರೆ 100 ಇರುತ್ತದೆ. ಇನ್‌ಸ್ಕ್ರಿಪ್ಟ್ ಅನ್ನೋ ಕೀಬೋರ್ಡ್ ಜೋಡಣೆಯಲ್ಲಿ ಕನ್ನಡ ಟೈಪ್ ಮಾಡೋರಿಗೆ ಬಲಗಡೆಯ ಆಲ್ಟ್ ಬೇಕು, ಕೆಲವು ಅಕ್ಷರ ಬರೋದೇ ಅದನ್ನು ಹಿಡಿದುಕೊಂಡರೆ. ಅದನ್ನು ಮೌಸ್ ಬಟನ್ ಮಾಡಿಬಿಟ್ಟರೆ ಕರ್ನಲ್ ಆ ಕೀಯನ್ನು ತಾನೇ ಇಟ್ಟುಕೊಳ್ಳುತ್ತದೆ, ಟೈಪಿಂಗ್‌ಗೆ ಬಿಡೋದಿಲ್ಲ. ಅದಕ್ಕೇ ಎಫ್ 11, ಎಫ್ 12 ಕೊಡಿ, ಅವುಗಳ ಸಂಖ್ಯೆ 87 ಮತ್ತು 88. ನನ್ನನ್ನು ಕೇಳಿದರೆ ಐಬುಕ್‌ನಲ್ಲಿ ಬಲ ಬಟನ್‌ಗೆ ಇನ್ನೂ ಒಳ್ಳೆಯದು ಬಾಣದ ಕೀಗಳ ಪಕ್ಕದಲ್ಲಿರೋ ಪುಟ್ಟ ಎಂಟರ್, ಅದರ ಸಂಖ್ಯೆ 96. ಅದನ್ನು ಯಾರೂ ಜಾಸ್ತಿ ಬಳಸೋದಿಲ್ಲ, ಟಚ್‌ಪ್ಯಾಡಿಗೂ ಹತ್ತಿರ, ಹೆಬ್ಬೆರಳಿಗೆ ಸುಲಭವಾಗಿ ಸಿಗುತ್ತದೆ.

ಯಾವ ಕೀಗೆ ಯಾವ ಸಂಖ್ಯೆ ಅಂತ ಅನುಮಾನ ಬಂದರೆ ಕಪ್ಪು ಪರದೆಯ ಕನ್ಸೋಲಿಗೆ ಹೋಗಿ ಷೋಕೀ ಅನ್ನೋ ಕಮಾಂಡ್ ಕೊಟ್ಟು ಕೀ ಒತ್ತಿ, ಅದೇ ಹೇಳುತ್ತದೆ. 10 ಸೆಕೆಂಡ್ ಏನೂ ಒತ್ತದೆ ಸುಮ್ನೆ ಇದ್ದರೆ ತಾನಾಗಿಯೇ ನಿಲ್ಲುತ್ತದೆ.

ಬಲ ಬಟನ್ ಕೆಟ್ಟುಹೋದ ಮಾಮೂಲಿ ಮೌಸ್ ನಿಮ್ಮದಾದರೆ ಇಷ್ಟೆಲ್ಲ ಬೇಕಿಲ್ಲ. ಶಿಫ್ಟ್ ಹಿಡಿದು ಎಫ್ 10 ಒತ್ತಿ, ವಿಂಡೋಸ್ ಆದರೂ ಲಿನಕ್ಸ್ ಆದರೂ ಹೆಚ್ಚಿನ ಪ್ರೋಗ್ರಾಮುಗಳಲ್ಲಿ ರೈಟ್ ಕ್ಲಿಕ್‌ನ ಪಟ್ಟಿ ತೆರೆಯುತ್ತದೆ. ಆಪಲ್‌ನ ಸ್ವಂತ ಸಿಸ್ಟಮ್ ಇಟ್ಟುಕೊಂಡವರು ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಸಾಕು, 1997ರ ಮ್ಯಾಕ್ ಓಎಸ್ 8ರಿಂದಲೂ ಅದು ಇದೆ.

ಇನ್ನೊಂದು ಮಾತು ಬಿಟ್ಟಿದ್ದೆ. ಮ್ಯಾಕ್ ಹಿಡ್‌ನ ಆ ಮೂರು ಸೆಟ್ಟಿಂಗನ್ನು ಸಿಸ್‌ಸಿಟಿಎಲ್ ಫೈಲಿನಲ್ಲಿ, ಅಂದರೆ ಲಿನಕ್ಸ್ ಶುರುವಾಗುವಾಗ ಓದಿಕೊಳ್ಳುವ ಸೆಟ್ಟಿಂಗ್ ಫೈಲಿನಲ್ಲಿ, ಬರೆದಿಡಿ. ಬರೀ ಕಮಾಂಡ್ ಕೊಟ್ಟು ಬಿಟ್ಟರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಾಗ ಮತ್ತೆ ಒಂದೇ ಬಟನ್‌ಗೆ ಬಂದು ನಿಂತಿರುತ್ತದೆ.

ನಮಸ್ಕಾರ.