ಪ್ಯಾರಿಸ್ ಸಂತೆಯಲ್ಲಿ ಕಾಣುವ ಫ್ಯಾಷನ್: ತೋಳು, ಅಂಚು, ಅಳತೆ

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಪ್ಯಾರಿಸ್‌ನ ಅಲಿಗ್ರ್ ಸಂತೆ. ಸೋಮವಾರ ಒಂದು ಬಿಟ್ಟು ಉಳಿದ ದಿನ ಬೆಳಗ್ಗೆ ಸೇರುತ್ತೆ. ಬೀದಿ ಉದ್ದಕ್ಕೂ ಹಣ್ಣು, ತರಕಾರಿ. ಪಕ್ಕದ ಚೌಕದಲ್ಲಿ ಹಳೇ ಪುಸ್ತಕ, ಪಿಂಗಾಣಿ, ಹಳೇ ಬಟ್ಟೆ. ಫ್ರೆಂಚರು ದಿನಾ ಏನು ಹಾಕ್ಕೋತಾರೆ ಅಂತ ನೋಡೋಕೆ ದೊಡ್ಡ ಅಂಗಡಿಗಳ ಶಾಂಜೆಲೀಸೆ ಬೀದಿಗಿಂತ ಇದು ವಾಸಿ, ಯಾಕಂದ್ರೆ ಇಲ್ಲಿಗೆ ಜನ ಬರೋದು ಈರುಳ್ಳಿ, ಸೊಪ್ಪು ಕೊಳ್ಳೋಕೆ. ಕೆಂಪು ಬೆರೆ ಟೋಪಿ ಹಾಕಿದವರು ಕಂಡರೆ ಅವರು ಪ್ರವಾಸಿಗಳು ಅಂತ ಧಾರಾಳವಾಗಿ ಅಂದ್ಕೋಬಹುದು.

ಊರಿನವರ ಮೈಮೇಲೆ ಏನಿದೆ ನೋಡಿ. ನೇವಿ ಬ್ಲೂ, ಕಪ್ಪು, ಹಾಲುಬಿಳುಪು, ಡೆನಿಮ್. ಎಲ್ಲ ಸಾದಾ ಬಟ್ಟೆ. ಆದ್ರೆ ತೋಳು ಮಣಿಕಟ್ಟಿನ ಎಲುಬಿನ ಹತ್ತಿರ ನಿಂತಿರುತ್ತೆ, ಪ್ಯಾಂಟು ಪಾದದ ಗಂಟಿನ ಮೇಲೆ ನಿಂತಿರುತ್ತೆ, ಭುಜದ ಹೊಲಿಗೆ ಭುಜದ ತುದಿಯಲ್ಲೇ ಕೂತಿರುತ್ತೆ. ನಮ್ಮಲ್ಲಿ ರೆಡಿಮೇಡ್ ತಂದ ಹಾಗೇ ಹಾಕ್ಕೊಂಡು ಬಿಡ್ತೀವಿ, ಅಲ್ಲೇ ಎಡವೋದು. ಹಾಗಾಗಿ ಈ ವಿಡಿಯೊ ಪೂರ್ತಿ ಅಳತೆ ಬಗ್ಗೆ, ಟೇಪ್ ಹಿಡ್ಕೊಂಡೇ ನೋಡಿ.

ಮೊದಲು ಪಟ್ಟೆ ಟೀ ಶರ್ಟು, ಮಾರಿನಿಯೇರ್. ಇದು ಫ್ರೆಂಚ್ ನೌಕಾಪಡೆಯ ಒಳ ಅಂಗಿ. 1858ರ ಮಾರ್ಚ್ 27ರ ಸರ್ಕಾರಿ ಆದೇಶದಲ್ಲಿ ಇದರ ಲೆಕ್ಕ ಇದೆ: ಮೈಭಾಗದಲ್ಲಿ 21 ಬಿಳಿ ಪಟ್ಟೆ, ಒಂದೊಂದೂ 20 ಮಿಲಿಮೀಟರ್, ನಡುವೆ ನೀಲಿ ಪಟ್ಟೆ, 10 ಮಿಲಿಮೀಟರ್. ಮೇಲಂಗಿಯಿಂದ ಆಚೆ ಇಣುಕಬಾರದು ಅಂತ ತೋಳು ಮುಕ್ಕಾಲೇ. 21 ಪಟ್ಟೆ ನೆಪೋಲಿಯನ್‌ನ ಗೆಲುವುಗಳ ಲೆಕ್ಕ ಅಂತ ಅಂಗಡಿಯವರು ಹೇಳೋದು ಕಟ್ಟುಕಥೆ, ತಲೆ ಆಡಿಸಿ ಮುಂದೆ ಹೋಗಿ.

ನಮಗೆ ಬೇಕಾದ್ದು ಆ ಅನುಪಾತ. ಬಿಳಿ ಎರಡು ಪಾಲು, ನೀಲಿ ಒಂದು ಪಾಲು. ಎರಡೂ ಒಂದೇ ಅಗಲ ಇದ್ದರೆ ಸಿನಿಮಾದ ಕೈದಿ ವೇಷ ಆಗುತ್ತೆ, ದಪ್ಪ ನೀಲಿ ಪಟ್ಟೆ ಇದ್ದರೆ ಮೈ ಅಗಲ ಕಾಣುತ್ತೆ. ಇದನ್ನು ನೋಡಿ, ಕ್ಯಾಮೆರಾ ಹತ್ತಿರ ತಂದಿದೀವಿ: ಕತ್ತಿನಿಂದ ಎದೆಯ ಮೇಲ್ಭಾಗದವರೆಗೆ ಪಟ್ಟೆಯೇ ಇಲ್ಲ, ಕೆಳಗಿಂದ ಶುರು. ಮುಖದ ಹತ್ತಿರ ಗಲಾಟೆ ಇರಲ್ಲ. ಪಕ್ಕದ ಹೊಲಿಗೆಯಲ್ಲಿ ಮುಂದಿನ ಪಟ್ಟೆ ಹಿಂದಿನದಕ್ಕೆ ಸರಿಯಾಗಿ ಕೂಡಿದೆಯಾ ನೋಡಿ. ಕೂಡದೇ ಇದ್ದರೆ ಕತ್ತರಿಸುವಾಗ ಬಟ್ಟೆ ಉಳಿಸಿದಾರೆ ಅಂತ ಅರ್ಥ, ಒಗೆದ ಮೇಲೆ ಆ ಹೊಲಿಗೆ ತಿರುಚಿಕೊಳ್ಳೋದೂ ಹೆಚ್ಚು. ಒಳಗೆ ಕೈ ಇಟ್ಟು ಬೆಳಕಿಗೆ ಹಿಡೀರಿ. ಬೆರಳು ಎಣಿಸೋಕೆ ಆದರೆ ಬಟ್ಟೆ ತೆಳು, ಬಿಸಿಲಲ್ಲಿ ಒಳಗಿಂದೆಲ್ಲ ಕಾಣುತ್ತೆ. ಕತ್ತು ಬೋಟ್ ನೆಕ್. ಭುಜ ಇಳಿಜಾರಾಗಿ ಇರೋರಿಗೆ ಅದು ಒಂದು ಕಡೆ ಜಾರಿ ಬ್ರಾ ಪಟ್ಟಿ ಕಾಣುತ್ತೆ, ಅದಕ್ಕೆ ಭುಜದ ಹೊಲಿಗೆ ಒಳಗೆ ಬ್ಲೌಸಿಗೆ ಇಡೋ ಹಾಗೆ ದಾರದ ಕುಣಿಕೆ, ಒಂದು ಪ್ರೆಸ್ ಬಟನ್ ಇಡಿಸಿದರೆ ಆಯ್ತು.

ಮೊದಲ ಎರಡು ಸಲ ತಣ್ಣೀರಲ್ಲಿ, ಬೇರೆ ಬಟ್ಟೆ ಜೊತೆ ಹಾಕದೆ ಇದೊಂದನ್ನೇ ಒಗೀರಿ. ನೇವಿ ಬಣ್ಣ ಬಿಡುತ್ತೆ, ನೆನೆಹಾಕಿ ಮರೆತರೆ ಬಿಳಿ ಪಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಹೋಗಲ್ಲ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಉದ್ದ ಎಳೆಯುತ್ತೆ. ಟವೆಲ್ ಮೇಲೆ ಹರಡಿ, ನೆರಳಲ್ಲಿ ಒಣಗಿಸಿ.

ಇನ್ನು ಈ ಸಂತೆಗೆ ಬರಲೇಬೇಕಾದ ಕಾರಣ: ಬ್ಲ್ಯೂ ದ ತ್ರವಾಯ್, ಕಾರ್ಖಾನೆ ಕೆಲಸಗಾರರ ನೀಲಿ ಜಾಕೆಟ್. ನ್ಯೂಯಾರ್ಕ್ ಟೈಮ್ಸ್‌ನ ಛಾಯಾಗ್ರಾಹಕ ಬಿಲ್ ಕನಿಂಗ್‌ಹ್ಯಾಮ್ ಬೀದಿ ಫ್ಯಾಷನ್ನಿನ ಫೋಟೊ ತೆಗೀತಾ ದಶಕಗಟ್ಟಲೆ ತೊಟ್ಟಿದ್ದು ಇದನ್ನೇ. ಅವರು ಕೊಳ್ತಿದ್ದದ್ದು ಪ್ಯಾರಿಸ್‌ನ ಬಿಎಚ್‌ವಿ ಮಳಿಗೆಯಲ್ಲಿ, ಸುತ್ತಿಗೆ ಮೊಳೆ ಮಾರುವ ವಿಭಾಗದ ಹತ್ತಿರ. ಲೈನಿಂಗ್ ಇಲ್ಲ, ಮೇಲೆ ಹೊಲಿದ ಮೂರು ಜೇಬು, ಚಿಕ್ಕ ಕಾಲರ್, ಮುಂದೆ ಸಾಲು ಗುಂಡಿ. ಬಟ್ಟೆ ಡ್ರಿಲ್, ಅಂದ್ರೆ ಓರೆ ನೇಯ್ಗೆಯ ಗಟ್ಟಿ ಹತ್ತಿ, ಅಥವಾ ಮೋಲ್‌ಸ್ಕಿನ್. ಮೋಲ್‌ಸ್ಕಿನ್ ಅಂದ್ರೆ ತುಂಬ ಒತ್ತಾಗಿ ನೇಯ್ದ ಹತ್ತಿ, ಗಾಳಿ ತಡೆಯುತ್ತೆ, ಹಳತಾದಷ್ಟೂ ಮೆದು. ಬೆಂಗಳೂರು ಡಿಸೆಂಬರ್‌ಗೆ, ಮಡಿಕೇರಿ ಮಳೆಗಾಲದ ಸಂಜೆಗೆ ಸರಿಹೋಗುತ್ತೆ. ಮಂಗಳೂರಲ್ಲಿ ಹಾಕ್ಕೊಂಡರೆ ಬೆವರಿ ಒದ್ದೆ ಆಗ್ತೀರಿ, ಅಲ್ಲಿಗೆ ತೆಳು ಹತ್ತಿಯಲ್ಲಿ ಅದೇ ಮಾದರಿ ಹೊಲಿಸೋದು ಒಳ್ಳೇದು.

ಹಳೇದರಲ್ಲಿ ಲೇಬಲ್ ನಂಬಬೇಡಿ. ಗಂಡಸರ ಜಾಕೆಟ್‌ನ ಯುರೋಪಿಯನ್ ಸೈಜು ಎದೆ ಸುತ್ತಳತೆಯ ಅರ್ಧ. 48 ಅಂದ್ರೆ 96 ಸೆಂಟಿಮೀಟರ್ ಎದೆಗೆ. ಆದ್ರೆ ವರ್ಷಗಟ್ಟಲೆ ಬಿಸಿನೀರು ಕಂಡ ಜಾಕೆಟ್ ಅಷ್ಟು ಇರಲ್ಲ. ಗುಂಡಿ ಹಾಕಿ ಮೇಜಿನ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಅದು ನಿಮ್ಮ ಎದೆ ಅಳತೆಗಿಂತ 10ರಿಂದ 14 ಸೆಂಟಿಮೀಟರ್ ಹೆಚ್ಚಿರಬೇಕು. ಅದಕ್ಕಿಂತ ಕಡಿಮೆ ಆದರೆ ಒಳಗೆ ಸ್ವೆಟರ್ ಹಿಡಿಯಲ್ಲ. 20 ದಾಟಿದರೆ ಭುಜ ಜೋತುಬೀಳುತ್ತೆ. ಭುಜ ಆಲ್ಟರ್ ಮಾಡಿಸೋದಂದ್ರೆ ತೋಳು ಪೂರ್ತಿ ಬಿಚ್ಚಬೇಕು, ಅಷ್ಟು ಖರ್ಚಿಗೆ ಬೇರೆ ಜಾಕೆಟ್ಟೇ ಬರುತ್ತೆ. ಹೆಂಗಸರು ಗಂಡಸರ ಜಾಕೆಟ್ ತಗೊಳ್ಳುವಾಗ ಭುಜ ಒಂದನ್ನೇ ನೋಡಿ. ತೋಳು ಉದ್ದ ಇದ್ದರೆ ಎರಡು ಮಡಿಕೆ ಮಡಿಸಿದರೆ ಮುಗೀತು, ಒಳಗಿನ ಮಾಸಲು ಬಣ್ಣ ಕಾಣೋದೇ ಚೆಂದ.

ತೇಪೆ, ಮೊಣಕೈ ಹತ್ತಿರ ಬಣ್ಣ ಹಾರಿರೋದು, ಇವೆಲ್ಲ ಇರಲಿ, ಬೆಲೆ ಕೂಡ ಅದಕ್ಕೇ. ಬಿಡಬೇಕಾದ್ದು ಎರಡು: ಕಂಕುಳಲ್ಲಿ ಬಟ್ಟೆ ತೆಳ್ಳಗಾಗಿ ಎಳೆ ಬಿಟ್ಟಿರೋದು, ಮತ್ತೆ ಗ್ರೀಸ್ ಎಣ್ಣೆ ವಾಸನೆ. ಮುಗ್ಗಲು ವಾಸನೆ ಮಾತ್ರ ಇದ್ದರೆ ಅರ್ಧ ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನಿಗರ್ ಹಾಕಿ ಒಂದು ಗಂಟೆ ನೆನೆಸಿ, ಬಿಸಿಲಿಗೆ ಹಾಕಿದರೆ ಹೋಗುತ್ತೆ. ತೊಡದೇ ಹಾಗೇ ಉಳಿದ ಹಳೇ ಸ್ಟಾಕ್ ಸಿಕ್ಕರೆ ಹುಷಾರು. ಗಂಜಿ ಹಾಕಿದ ಹಾಗೆ ಗಡುಸಾಗಿರುತ್ತೆ, ಮೊದಲ ಒಗೆತಕ್ಕೆ ಕುಗ್ಗುತ್ತೆ. ತೋಳು ಒಂದೆರಡು ಇಂಚು ಉದ್ದವಾಗೇ ಇರಲಿ.

ಸ್ಕಾರ್ಫ್. ಎರ್ಮೆಸ್ ಕಂಪನಿ 1937ರಿಂದ ಮಾಡ್ತಿರೋ ರೇಷ್ಮೆ ಚೌಕ 90 ಸೆಂಟಿಮೀಟರ್. ದಿನನಿತ್ಯಕ್ಕೆ 65ರ ಚೌಕ ಸಾಕು. ಲೆಕ್ಕ ಹೀಗೆ: 65ರ ಚೌಕ ಮೂಲೆಯಿಂದ ಮೂಲೆಗೆ 92 ಸೆಂಟಿಮೀಟರ್, 35ರ ಕತ್ತನ್ನು ಒಂದು ಸುತ್ತು ಸುತ್ತಿದರೆ 57 ಉಳಿಯುತ್ತೆ. 90ರದ್ದು 127, ಎರಡು ಸುತ್ತು ಹಾಕಿದರೆ ಅಲ್ಲೂ 57. ಎರಡರಲ್ಲೂ ಗಂಟು ಹಾಕೋಕೆ ಸರಿಯಾದ ಉದ್ದ. ಎದುರುಬದುರಿನ ಎರಡು ಮೂಲೆಯನ್ನು ನಡುವಿಗೆ ತನ್ನಿ, 5 ಸೆಂಟಿಮೀಟರ್ ಅಗಲದ ಪಟ್ಟಿ ಆಗೋವರೆಗೆ ಮಡಿಸಿ, ಗಂಟು ಕತ್ತಿನ ಪಕ್ಕಕ್ಕೆ. ಮಧ್ಯಕ್ಕೆ ಬಂದರೆ ಗಗನಸಖಿ ಯೂನಿಫಾರ್ಮ್ ಥರ ಕಾಣುತ್ತೆ.

ಇದಕ್ಕೆ ಪ್ಯಾರಿಸ್‌ನಲ್ಲಿ ದುಡ್ಡು ಹಾಕೋದು ದಂಡ. 1912ರಿಂದ ನೇಯ್ತಿರೋ ಮೈಸೂರು ರೇಷ್ಮೆ ಇದ್ಯಲ್ಲ, ಆ ಕ್ರೇಪ್ ಬಟ್ಟೆ ಗಂಟಿನಲ್ಲಿ ಜಾರಲ್ಲ, ನುಣುಪು ಸ್ಯಾಟಿನ್ ಆದರೆ ಜಾರುತ್ತೆ. ಹೊಲಿಸದೇ ಉಳಿದ ಬ್ಲೌಸ್ ಪೀಸ್‌ನಲ್ಲಿ ಜರಿ ಬಾರ್ಡರ್ ಬಿಟ್ಟು 67ರ ಚೌಕ ಕತ್ತರಿಸಿ. ಜರಿ ಕತ್ತಿಗೆ ಚುಚ್ಚುತ್ತೆ, ಮಡಿಕೆಯೂ ಕೂರಲ್ಲ. ಅಂಚಿಗೆ ಪಿಕೋ ಮಾಡಿಸಬೇಡಿ, ಗಡುಸಾಗಿ ಅಲೆ ಅಲೆಯಾಗುತ್ತೆ. ಬೆರಳಲ್ಲಿ ಸುರುಳಿ ಮಾಡ್ಕೊಂಡು ಕೈಯಲ್ಲಿ ಹೆಮ್ಮಿಂಗ್ ಹಾಕಿಸಿ.

ಬಣ್ಣದ ವಿಷಯಕ್ಕೆ ಒಂದು ಮಾತು. ಫ್ರೆಂಚ್ ಸ್ಟೈಲ್ ವಿಡಿಯೊಗಳಲ್ಲಿ ಬೇಜ್ ಬೇಜ್ ಅಂತಾರೆ. ನಮ್ಮ ಗೋಧಿ, ಕಂದು ಮೈಬಣ್ಣಕ್ಕೆ ಮಂಕು ಬೇಜ್ ಹಾಕಿದರೆ ಜ್ವರ ಬಂದವರ ಹಾಗೆ ಕಾಣ್ತೀವಿ. ಹಾಲುಬಿಳುಪು, ನೇವಿ, ಆ ಜಾಕೆಟ್ಟಿನ ಗಾಢ ನೀಲಿ ಧೈರ್ಯವಾಗಿ ಹಾಕಿ.

ಪ್ಯಾಂಟು ಬೇಗ ಮುಗಿಸ್ತೀನಿ. ನೇರ ಕಾಲಿನ ಜೀನ್ಸ್, ಅಂಚು ಪಾದದ ಗಂಟಿನ ಎಲುಬಿಗಿಂತ 2 ಸೆಂಟಿಮೀಟರ್ ಮೇಲೆ. ಎರಡು ಸಲ ಒಗೆದ ಮೇಲೇ ಕತ್ತರಿಸಿ, ಟೈಲರ್ ಹತ್ರ ಹೋಗುವಾಗ ಹಾಕೋ ಶೂ ಹಾಕ್ಕೊಂಡೇ ಹೋಗಿ. ಶೂ ಸೈಜಿಗೆ ಬಂದರೆ ನಮ್ಮ 5 ಇಲ್ಲಿನ 38ರ ಆಸುಪಾಸು, 8 ಅಂದ್ರೆ 42. ಹೆಂಗಸರ ಬಟ್ಟೆಯಲ್ಲಿ ಬ್ರಿಟಿಷ್ ಸೈಜಿಗೆ 28 ಕೂಡಿಸಿ: 10 ಇದ್ದರೆ 38.

ಕೊಳ್ಳೋ ಸಮಯ? ಸೋಲ್ಡ್ ಅನ್ನೋ ಸರ್ಕಾರಿ ನಿಯಮದ ಡಿಸ್ಕೌಂಟ್ ಮಾರಾಟ ವರ್ಷಕ್ಕೆ ಎರಡು ಸಲ, ನಾಲ್ಕು ನಾಲ್ಕು ವಾರ. ಸಾಮಾನ್ಯವಾಗಿ ಜನವರಿ ಎರಡನೇ ಬುಧವಾರ, ಜೂನ್ ಕೊನೇ ಬುಧವಾರ ಶುರು. ಮೊದಲ ವಾರ ಸೈಜು ಸಿಗುತ್ತೆ, ಕೊನೇ ವಾರ ಬೆಲೆ ಇಳಿಯುತ್ತೆ.

ಒಂದೇ ಅಂಗಡಿಯಲ್ಲಿ 100 ಯೂರೋ ದಾಟಿದರೆ ಪಾಸ್‌ಪೋರ್ಟ್ ತೋರಿಸಿ ಡೆಟಾಕ್ಸ್, ಅಂದ್ರೆ ತೆರಿಗೆ ವಾಪಸಿನ ಫಾರ್ಮ್ ಕೇಳಿ. 120 ಯೂರೋ ಬಿಲ್ಲಿನಲ್ಲಿ 20 ತೆರಿಗೆ. ಮಧ್ಯವರ್ತಿ ಕಮಿಷನ್ ಕಳೆದು ಉಳಿದದ್ದು ವಾಪಸ್ ಬರುತ್ತೆ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಇದನ್ನು ನಿರೀಕ್ಷಿಸಬೇಡಿ. ಪ್ಯಾರಿಸ್‌ನಿಂದ ಬೆಂಗಳೂರಿಗೆ ನೇರ ವಿಮಾನ ಆದರೆ ಏರ್‌ಪೋರ್ಟಿನ ಪಾಬ್ಲೋ ಯಂತ್ರದಲ್ಲಿ ಫಾರ್ಮ್‌ನ ಬಾರ್‌ಕೋಡ್ ತೋರಿಸಿ. ಫ್ರಾಂಕ್‌ಫರ್ಟ್ ಮೇಲೆ ಹೋಗೋದಾದರೆ ಆ ಕೆಲಸ ಫ್ರಾಂಕ್‌ಫರ್ಟ್ ಕಸ್ಟಮ್ಸ್‌ನಲ್ಲಿ. ಪಾಬ್ಲೋ ಯಂತ್ರದಲ್ಲಿ ಹಸಿರು ಬಂದರೆ ಆಯ್ತು. ಬರದಿದ್ದರೆ ಪಕ್ಕದ ಕೌಂಟರಿನವರು ಬಟ್ಟೆ ತೋರಿಸಿ ಅಂತಾರೆ. ಅದಕ್ಕೇ ಸೂಟ್‌ಕೇಸ್ ಚೆಕ್-ಇನ್ ಮಾಡೋಕೆ ಮುಂಚೆ ಈ ಯಂತ್ರದ ಹತ್ತಿರ ಹೋಗಿ.